ಬೂದ್ಯಾನ ಲೆಕ್ಕದ ನೋಟ್‌ಬುಕ್ಕು

ಶಿವರಾತ್ರಿ ಮುಗಿದು ಮೂರು ದಿನವಾಗಿತ್ತು. ಮಂಡಕ್ಕಿ ಭಟ್ಟಿ ಕಡೆ ಹೋಗಿದ್ದ ನಮ್ಮ ಮನೆಯವರು ಸ್ಕೂಟರಿನ ಮುಂದೆ ಎರಡು ಚೀಲ ಇಟ್ಟುಕೊಂಡು ಬಂದರು. ಒಂದರಲ್ಲಿ ಮಂಡಕ್ಕಿ. ಇನ್ನೊಂದು ಅಲ್ಲಾಡುತ್ತಿತ್ತು.

"ಬೂದಿ ಗುಡ್ಡೆ ಮೇಲೆ ಒಂದೇ ಮಲಗಿತ್ತು ಕಣೆ. ಎರಡು ದಿನದಿಂದ ತಾಯಿ ಬಂದಿಲ್ಲಂತೆ" ಅಂದರು, ನನ್ನ ಮುಖ ನೋಡದೆ. ಭಟ್ಟಿಯ ಬೂದಿ ರಾತ್ರಿಯೆಲ್ಲ ಬೆಚ್ಚಗಿರುತ್ತದೆ. ಚಳಿಗಾಲದಲ್ಲಿ ಹುಟ್ಟಿದ ಬೀದಿನಾಯಿ ಮರಿಗಳಿಗೆ ಅದೇ ಕೌದಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಿದೆ. ಬೂದಿ ಹೋಗಲಿಲ್ಲ. ಆಮೇಲೆ ಗೊತ್ತಾಯಿತು, ಕುನ್ನಿಯ ಬಣ್ಣವೇ ಅದು.

ಮಗಳು 'ಬೂದಿ' ಅಂತ ಹೆಸರಿಟ್ಟಳು. ದೀಪ ಹಚ್ಚೋ ಹೊತ್ತಿನಲ್ಲಿ ಮನೆಯೊಳಗೆ ನಿಂತು ಬೂದಿ ಬೂದಿ ಅಂತ ಕೂಗಬ್ಯಾಡ ಅಂದರು ಅತ್ತೆ. ಹಾಗಾದರೆ 'ಬುದ್ದಿ' ಅಂದಳು ಇವಳು. ಪೇಪರ್ ಓದುತ್ತಿದ್ದ ಮಾವ ಕನ್ನಡಕ ಇಳಿಸಿ, "ನಾಳೆ ಮಠದ ಸ್ವಾಮಿಗಳು ಪಾದಪೂಜೆಗೆ ಬಂದಾಗ 'ಬುದ್ದೀ, ಒಳಗ್ ಬರ್ರಿ' ಅಂದ್ರೆ ಯಾರು ಮೊದಲು ಓಡಿ ಬರ್ತಾರೆ?" ಅಂದರು. ಕೊನೆಗೆ ಬೂದ್ಯಾ ಆಯಿತು.

ಎಲ್ಲರೂ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ನಾಲ್ಕು ವರ್ಷದ ಹಿಂದೆ ಇದೇ ಮನೆಯಲ್ಲಿ ಒಂದು ಕುನ್ನಿ ಸತ್ತಿದೆ. ಸೋಮವಾರ ಹಾಲು ಬಿಟ್ಟಿತು. ಬಿಸಿಲಿಗೆ ಇರಬೇಕು ಅಂದುಕೊಂಡೆವು. ಮಂಗಳವಾರ ವಾಂತಿ. ದೃಷ್ಟಿ ಆಗೈತಿ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆವು. ಬುಧವಾರ ರಕ್ತಭೇದಿ, ಮನೆಯಿಡೀ ಒಂಥರಾ ಕೊಳೆತ ವಾಸನೆ. ಆಸ್ಪತ್ರೆಗೆ ಒಯ್ದಾಗ ಪಾರ್ವೋ ಅಂದರು, ಮರಿಗಳ ಕರುಳಿಗೆ ಬರುವ ವಿಷಾಣು ರೋಗ. ಗುರುವಾರ ಬೆಳಿಗ್ಗೆ ಹಿತ್ತಲಿನಲ್ಲಿ ಗುಂಡಿ ತೋಡಿದೆವು. ಸೋಮವಾರಕ್ಕೂ ಬುಧವಾರಕ್ಕೂ ಮಧ್ಯೆ ನಾವು ಏನನ್ನು ನೋಡಬೇಕಿತ್ತು, ಎಲ್ಲಿ ನೋಡಬೇಕಿತ್ತು ಅನ್ನುವುದೇ ನಮಗೆ ಗೊತ್ತಿರಲಿಲ್ಲ.

ಹಾಗಾಗಿ ಮರುದಿನ ಬೆಳಿಗ್ಗೆಯೇ ಪಶು ಆಸ್ಪತ್ರೆಗೆ ಹೋದೆ. ನನ್ನ ಮುಂದೆ ಒಂದು ಎಮ್ಮೆ, ಎರಡು ಮೇಕೆ. ಡಾಕ್ಟರಮ್ಮ ಬೂದ್ಯಾನ ತುಟಿ ಎತ್ತಿ ಹಲ್ಲು ನೋಡಿದರು. "ಕೋರೆಹಲ್ಲು ಬಂದಾವೆ, ದವಡೆ ಹಲ್ಲು ಇನ್ನೂ ಏಳ್ತಾ ಅದಾವೆ. ಆರು ವಾರದ ಆಸುಪಾಸು." ಹಾಲುಹಲ್ಲು ಒಟ್ಟು 28, ಅವೆಲ್ಲ ಬಿದ್ದು ಆರೇಳು ತಿಂಗಳಿಗೆ 42 ಆಗುತ್ತವಂತೆ. ತೂಕ ಹಾಕಿದರು: 1 ಕಿಲೋ 800 ಗ್ರಾಂ. ಅದರ ಲೆಕ್ಕಕ್ಕೆ ಜಂತುಹುಳದ ಔಷಧಿ ಕೊಟ್ಟು, ಎರಡು ವಾರಕ್ಕೆ ಮತ್ತೆ ಹಾಕಬೇಕು ಅಂದರು. ಲಸಿಕೆ ಮುಂದಿನ ವಾರ. ಒಂದು ಸಲ ಚುಚ್ಚಿಸಿದರೆ ಮುಗಿಯಿತಲ್ಲ ಅಂದೆ. ಮುಗಿಯುವುದಿಲ್ಲ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆಯನ್ನು ಅದೇ ಹೊಡೆದುಹಾಕುತ್ತದೆ. ಅದು ಯಾವ ವಾರ ಕರಗುತ್ತದೆ ಎಂದು ಹೊರಗಿನಿಂದ ಹೇಳಲಾಗದು. ಅದಕ್ಕೇ ಮೂರು-ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೂ ಚುಚ್ಚಿಸುತ್ತಾ ಹೋಗಬೇಕು. ಹುಚ್ಚುನಾಯಿ ರೋಗದ್ದು ಮೂರು ತಿಂಗಳಿಗೆ. ಅಲ್ಲಿಯವರೆಗೆ ಬೀದಿನಾಯಿ ಓಡಾಡುವ ನೆಲಕ್ಕೆ ಇಳಿಸುವಂತಿಲ್ಲ.

ಹಳೆಯ ಕುನ್ನಿಯ ಕಥೆ ಹೇಳಿದೆ. ಆ ವಿಷಾಣು ನೆಲದಲ್ಲಿ ತಿಂಗಳುಗಟ್ಟಲೆ, ಒಂದೊಂದು ಕಡೆ ವರ್ಷದವರೆಗೂ ಬದುಕುತ್ತದಂತೆ. ನಾಲ್ಕು ವರ್ಷವಾಗಿದ್ದರಿಂದ ಭಯವಿಲ್ಲ, ಆದರೂ ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಹಾಕಿ ಒರೆಸಿಬಿಡಿ ಅಂದರು. ಆಮೇಲೆ ನನ್ನ ಕೈಯಲ್ಲಿದ್ದ ಉತ್ತರ ಪತ್ರಿಕೆಗಳ ಕಟ್ಟು ನೋಡಿ ಕೇಳಿದರು.

"ಟೀಚರ್ರಾ? ಯಾವ ಸಬ್ಜೆಕ್ಟು?"

"ಗಣಿತ. ಹೈಸ್ಕೂಲು."

"ಹಂಗಾದ್ರೆ ನೀವೇ ಸರಿ. ನಾನು ತಿಂಗಳಿಗೊಂದ್ಸಲ ಹತ್ತು ನಿಮಿಷ ನೋಡ್ತೀನಿ. ನೀವು ದಿನಾ ನೋಡ್ತೀರಿ. ಚೆನ್ನಾಗಿದ್ದಾಗ ಹೆಂಗಿತ್ತು ಅಂತ ಬರ್ದಿಟ್ಕೊಳ್ರಿ. ಹುಷಾರು ತಪ್ಪಿದಾಗ ನನಗೆ ಬೇಕಾಗೋದು ಅದೇ."

ಮನೆಗೆ ಬಂದು ನೂರು ಪುಟದ ನೋಟ್‌ಬುಕ್ಕಿಗೆ ಗೆರೆ ಹಾಕಿದೆ. ತೂಕ, ಉಸಿರು, ಒಸಡು, ಊಟ, ಕಕ್ಕ. ಕೊನೆಗೆ ಷರಾ. ಷರಾ ಇಲ್ಲದ ಕಾಲಂ ಹಾಕಿ ನಮಗೆ ಅಭ್ಯಾಸವಿಲ್ಲ.

ತೂಕವೇ ಎಲ್ಲಕ್ಕಿಂತ ಸುಲಭ ಅಂದುಕೊಂಡಿದ್ದೆ. ಮಗಳು ಕೇಕ್ ಮಾಡಲು ತರಿಸಿದ್ದ ಐದು ಕಿಲೋದ ಅಡುಗೆ ತಕ್ಕಡಿ ಇತ್ತು. ಅದರ ಮೇಲೆ ಸ್ಟೀಲ್ ದಬರಿ ಇಟ್ಟು ಬೂದ್ಯಾನನ್ನು ಕೂರಿಸಿದರೆ ಉಗುರು ಜಾರಿ ಕರಕರ ಸದ್ದಾಗಿ, ಆ ಸದ್ದಿಗೆ ಅವನೇ ಹೆದರಿ ಹಾರಿದ. ಹೂವಿನ ಬುಟ್ಟಿಗೆ ಹಳೆ ಟವೆಲ್ ಹಾಸಿದ ಮೇಲೆ ಕೂತ. ಬುಟ್ಟಿ, ಟವೆಲ್ಲಿನ ತೂಕ ಕಳೆದು ಬರೆಯುವುದು. ದಿನಾ ಬೆಳಿಗ್ಗೆ, ಊಟಕ್ಕೆ ಮೊದಲು. ಊಟವಾದ ಮೇಲೆ ತೂಗಿದರೆ ಅದು ಮರಿಯ ತೂಕವಲ್ಲ, ಅನ್ನದ ತೂಕ. ಒಂದು ದಿನ ಏರದಿದ್ದರೆ ಪರವಾಗಿಲ್ಲ. ಎರಡು ದಿನ ನಿಂತರೆ ಗಮನ ಇಡಬೇಕು, ಇಳಿದರೆ ಅವತ್ತೇ ಫೋನು.

ಒಸಡು ನೋಡುವುದು ಕೇಳಲು ಇನ್ನೂ ಸುಲಭ. ಮೇಲ್ದುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಬೇಕು. ಒತ್ತಿದ ಜಾಗ ಬೆಳ್ಳಗಾಗುತ್ತದೆ. ಬೆರಳು ತೆಗೆದ ಮೇಲೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ತಡವಾದರೆ ರಕ್ತ ಸರಿಯಾಗಿ ಓಡುತ್ತಿಲ್ಲ ಅಂತ. ಆದರೆ ನಮ್ಮ ನಾಟಿ ನಾಯಿಗಳ ಒಸಡಿನಲ್ಲಿ ನೇರಳೆಹಣ್ಣು ತಿಂದ ಹಾಗೆ ಕಪ್ಪು ಮಚ್ಚೆ ಇರುತ್ತದಲ್ಲ, ಬೂದ್ಯಾನದು ಮುಕ್ಕಾಲು ಪಾಲು ಕಪ್ಪು. ಒತ್ತಿದರೆ ಏನೂ ಕಾಣುವುದಿಲ್ಲ. ಎಡಗಡೆ ಕೋರೆಹಲ್ಲಿನ ಮೇಲೆ ಕಡಲೆಬೇಳೆಯಷ್ಟು ಗುಲಾಬಿ ಜಾಗ ಸಿಕ್ಕಿತು. ಅದೇ ನಮ್ಮ ಕಿಟಕಿಯಾಯಿತು. ಅದೂ ಸಿಗದ ನಾಯಿಗೆ ಕೆಳರೆಪ್ಪೆ ಜಗ್ಗಿ ಒಳಗಿನ ಬಣ್ಣ ನೋಡಬೇಕಂತೆ, ಥೇಟ್ ನಮಗೆ ರಕ್ತ ಕಡಿಮೆ ಇದೆಯಾ ಅಂತ ನೋಡುವ ಹಾಗೆ.

ಇನ್ನೊಂದು ವಿಷಯ ನಾನೇ ಕಂಡುಕೊಂಡದ್ದು. ಟ್ಯೂಬ್‌ಲೈಟಿನ ಕೆಳಗೆ ಎಲ್ಲರ ಒಸಡೂ ಬಿಳಿಚಿಕೊಂಡೇ ಕಾಣುತ್ತದೆ, ನನ್ನದೂ ಸೇರಿ. ಪೂರ್ವದ ಕಿಟಕಿ ಹತ್ತಿರ ಬೆಳಿಗ್ಗೆ ಎಂಟಕ್ಕೆ ನೋಡುವುದು ಅಂತ ನಿಯಮ ಮಾಡಿದೆ. ಪ್ರತಿ ಭಾನುವಾರ ಅಲ್ಲೇ ನಿಂತು ಮಗಳು ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದಳು. ನಾಯಿಯ ಮುಖ ಬಿಟ್ಟು ಒಸಡಿನ ಫೋಟೋ ತೆಗೆಯುವವರನ್ನು ಇದೇ ಮೊದಲು ನೋಡಿದ್ದು ಅಂದರು ಪಕ್ಕದ ಮನೆಯವರು.

ಮೈಯಲ್ಲಿ ನೀರು ಕಡಿಮೆಯಾಗಿದೆಯಾ ಎಂದು ನೋಡಲು ಕುತ್ತಿಗೆ ಮೇಲಿನ ಚರ್ಮ ಎಳೆದು ಬಿಡುವುದು ರೂಢಿ. ಆದರೆ ಮರಿಗಳ ಚರ್ಮ ದೊಡ್ಡಣ್ಣನ ಅಂಗಿ ಹಾಕಿಕೊಂಡ ಹಾಗೆ ಸಡಿಲ, ಅದನ್ನೇ ನಂಬಿ ಕೂರಬಾರದು. ಒಸಡಿಗೆ ಬೆರಳು ತಾಗಿಸಿದಾಗ ಜಾರಿದರೆ ಸರಿ, ಅಂಟಿದರೆ ನೀರು ಸಾಲದು.

ಉಸಿರಿನ ವಿಷಯದಲ್ಲಿ ನನ್ನ ಮಾನ ಹೋಯಿತು. ಮಲಗಿದ್ದಾಗ ಎದೆ ಏರಿಳಿಯುವುದನ್ನು ಎಣಿಸಿ, ನಿಮಿಷಕ್ಕೆ ಹದಿನೈದರಿಂದ ಮೂವತ್ತು, ಮರಿಗೆ ಇನ್ನು ಸ್ವಲ್ಪ ಜಾಸ್ತಿ ಇದ್ದರೂ ಸರಿ ಅಂದಿದ್ದರು. ಮೊದಲ ರಾತ್ರಿ ಎಣಿಸಿದರೆ 52. ಮತ್ತೆ ಎಣಿಸಿದೆ, 54. ರಾತ್ರಿ ಒಂಬತ್ತೂವರೆಗೆ ಡಾಕ್ಟರಮ್ಮನಿಗೆ ಫೋನು ಹಚ್ಚಿದೆ.

"ಹೆಂಗ್ ಎಣಿಸಿದ್ರಿ?"

"ಏರಿದ್ದಕ್ಕೊಂದು, ಇಳಿದಿದ್ದಕ್ಕೊಂದು."

ಆ ಕಡೆ ಒಂದು ಕ್ಷಣ ಮೌನ. "ಏರಿದ್ದು ಇಳಿದದ್ದು ಸೇರಿ ಒಂದು, ಟೀಚರ್."

ಎರಡರಿಂದ ಭಾಗಿಸಿ 26 ಬರೆದೆ. ಮನೆಯವರು ಇದನ್ನು ಇನ್ನೂ ಮರೆತಿಲ್ಲ. ಎರಡನೇ ಮೋಸ ಕನಸಿನದು. ನಿದ್ದೆಯಲ್ಲಿ ಮರಿಗಳ ಕಾಲು ಕುಣಿಯುತ್ತವೆ, ಮೀಸೆ ಅದುರುತ್ತದೆ, ಸಣ್ಣಗೆ ಬೊಗಳುತ್ತವೆ, ಆಗ ಉಸಿರೂ ತಾಳ ತಪ್ಪುತ್ತದೆ. ಅದು ನಿಂತ ಮೇಲೆ ಎಣಿಸಬೇಕು. ಹತ್ತು ದಿನದ ಹೊತ್ತಿಗೆ ಬೂದ್ಯಾನ ಲೆಕ್ಕ 24ರಿಂದ 28ರೊಳಗೆ ಎಂದು ತಿಳಿಯಿತು. ಎದೆಬಡಿತಕ್ಕೆ ಎಡ ಮೊಣಕೈ ಎದೆಗೆ ತಾಗುವ ಜಾಗದಲ್ಲಿ ಅಂಗೈ ಇಟ್ಟರೆ ಸಾಕು: ಹದಿನೈದು ಸೆಕೆಂಡಿಗೆ 36, ನಾಲ್ಕರಿಂದ ಗುಣಿಸಿದರೆ 144. ಮರಿಗಳಿಗೆ ಅದು ಸಹಜವೇ.

ಜ್ವರ ನೋಡುವುದು ಮಾತ್ರ ಮೂರು ಜನರ ಕೆಲಸ. ಅತ್ತೆಯ ಪ್ರಕಾರ ಅದರ ಅಗತ್ಯವೇ ಇಲ್ಲ, ಮೂಗು ಒಣಗಿದ್ದರೆ ಜ್ವರ, ಒದ್ದೆ ಇದ್ದರೆ ಇಲ್ಲ. ದಾವಣಗೆರೆಯ ಮಾರ್ಚ್ ಬಿಸಿಲಿಗೆ ಯಾರ ಮೂಗು ಒದ್ದೆ ಇರುತ್ತದೆ? ಮಲಗಿ ಎದ್ದ ನಾಯಿಯ ಮೂಗು ಒಣಗಿಯೇ ಇರುತ್ತದೆ, ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ ಬಾಲದ ಕೆಳಗೆ ಒಂದು ಬೆರಳಗಲದಷ್ಟು ಹಾಕಬೇಕು. ಮಗಳು ಮುಂದೆ ಕೂತು ಬೆರಳಿಗೆ ಚೂರು ಬೆಣ್ಣೆ ಸವರಿಕೊಂಡು ನೆಕ್ಕಿಸುತ್ತಿದ್ದಳು. ಈ ಊರಿನಲ್ಲಿ ಲಂಚಕ್ಕೆ ಬೆಣ್ಣೆ ಬಿಟ್ಟು ಬೇರೆ ಏನು ಸಿಕ್ಕೀತು? ತುದಿ ಪಕ್ಕಕ್ಕೆ, ಒಳಗೋಡೆಗೆ ತಾಗಿರಬೇಕು. ಮಲದೊಳಗೆ ಸಿಕ್ಕಿಕೊಂಡರೆ ತಪ್ಪು ಅಂಕಿ ತೋರಿಸುತ್ತದೆ. ಆಟ ಆಡಿದ ಕೂಡಲೇ ನೋಡಿದರೂ ಅಷ್ಟೇ. ಬೀಪ್ ಅಂದಾಗ 101.4.

"ನೂರಾ ಒಂದು! ನಾ ಹೇಳ್ಲಿಲ್ವಾ? ಜ್ವರದ ಗುಳಿಗಿ ಅರ್ಧ ಮಾಡಿ ಕೊಡವ್ವಾ" ಅಂದರು ಅತ್ತೆ.

ನಾಯಿಗೆ 101ರಿಂದ 102.5ರವರೆಗೆ ಸಹಜ. ನಮ್ಮ ಜ್ವರ ಅವುಗಳ ಆರೋಗ್ಯ. ನಮ್ಮ ಜ್ವರದ ಗುಳಿಗೆ, ನೋವಿನ ಗುಳಿಗೆ ಅವಕ್ಕೆ ವಿಷವೂ ಆಗಬಹುದು. ಅತ್ತೆ ಒಪ್ಪಲಿಲ್ಲ, ಆದರೆ ಗುಳಿಗೆ ಡಬ್ಬಿ ಮೇಲಿನ ಹಲಗೆಗೆ ಹೋಯಿತು. ಆ ಥರ್ಮಾಮೀಟರಿಗೆ ಕೆಂಪು ದಾರ ಸುತ್ತಿಟ್ಟಿದ್ದೇನೆ. ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ಉಳಿದದ್ದು ದಿನಕ್ಕೆ ಐದು ನಿಮಿಷ. ಕಿವಿ ಮಡಚಿ ಮೂಸಿ ನೋಡುವುದು, ಕಾಫಿಪುಡಿಯಂಥ ಕೊಳೆ ಇದ್ದರೆ ಅದು ಕಿವಿಯ ನುಸಿ. ಕಣ್ಣಿನ ಪಿಸುರು ಬಿಳಿ ಇದ್ದರೆ ಒರೆಸುವುದು, ಹಳದಿ-ಹಸಿರಾದರೆ ತೋರಿಸುವುದು. ಬಾಚಣಿಕೆಯಲ್ಲಿ ಸಿಕ್ಕ ಕರಿ ಕಾಳನ್ನು ಒದ್ದೆ ಬಿಳಿ ಕಾಗದದ ಮೇಲೆ ಉಜ್ಜಿದಾಗ ಕೆಂಪಾದರೆ ಮಣ್ಣಲ್ಲ, ರಕ್ತ ಕುಡಿದ ಚಿಗಟದ ಹಿಕ್ಕೆ. ಚಿಗಟ ಜಾಸ್ತಿಯಾದರೆ ಸಣ್ಣ ಮರಿಯ ರಕ್ತವನ್ನೇ ಬರಿದು ಮಾಡಿಬಿಡುತ್ತದೆ. ನಮಗೆ ಸಿಕ್ಕಿದ್ದು ಉಣ್ಣೆ ಹುಳ, ಕಿವಿಯ ಮಡಿಕೆಯಲ್ಲಿ ಮೂರು, ಬೆರಳ ಸಂದಿಯಲ್ಲಿ ಒಂದು. ಸೀಮೆಎಣ್ಣೆ ಹಚ್ಚು ಅನ್ನುವುದು ನಮ್ಮ ಕಡೆಯ ಸಾರ್ವಜನಿಕ ಸಲಹೆ. ಹಚ್ಚಿದರೆ ಚರ್ಮ ಸುಡುತ್ತದೆ, ನೆಕ್ಕಿಕೊಂಡರೆ ಹೊಟ್ಟೆಗೆ ಹೋಗುತ್ತದೆ. ಹುಬ್ಬು ಕೀಳುವ ಚಿಮಟದಲ್ಲಿ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರ ಎಳೆದು, ಉಗುರಿನಲ್ಲಿ ಕುಕ್ಕದೆ ಸೋಪಿನ ನೀರಿಗೆ ಹಾಕಿದೆ. ಉಣ್ಣೆಯ ಔಷಧಿಗೆ ವಯಸ್ಸು, ತೂಕ ಎರಡೂ ತುಂಬಿರಬೇಕು, ಅಂಗಡಿಯವರು ಕೊಟ್ಟರೆಂದು ಹಾಕಬೇಡಿ ಅಂತ ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು.

ಹೊಕ್ಕುಳಲ್ಲಿ ಬಟಾಣಿಯಷ್ಟು ಗಂಟು ಸಿಕ್ಕಿದ ದಿನ ಎದೆ ಧಸಕ್ಕೆಂದಿತ್ತು. ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದಾ ಅಂತ ಡಾಕ್ಟರಮ್ಮ ಕೇಳಿದರು. ಹೋಗುತ್ತಿತ್ತು. ಹಾಗಿದ್ದರೆ ಕಾಯೋಣ, ಎಷ್ಟೋ ಮರಿಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ, ಗಟ್ಟಿಯಾಗಿ ಬಿಸಿಯಾಗಿ ಮುಟ್ಟಿದರೆ ಕುಂಯ್‌ಗುಟ್ಟಿದರೆ ಮಾತ್ರ ಆ ಕ್ಷಣವೇ ತನ್ನಿ ಅಂದರು. ಷರಾದಲ್ಲಿ ವಾರಕ್ಕೊಮ್ಮೆ 'ಬಟಾಣಿ, ಮೆತ್ತಗೆ' ಅಂತ ಬರೆಯುತ್ತಾ ಬಂದೆ.

ಜಂತಿನ ಔಷಧಿ ಕುಡಿಸಿದ ಮಾರನೇ ದಿನ ಕಕ್ಕದಲ್ಲಿ ಬಂದದ್ದನ್ನು ಇಲ್ಲಿ ವಿವರಿಸುವುದಿಲ್ಲ. ಆ ತಿಂಗಳು ನಮ್ಮ ಮನೆಯಲ್ಲಿ ಯಾರೂ ಶ್ಯಾವಿಗೆ ಕೇಳಲಿಲ್ಲ ಅಂದರೆ ಸಾಕು. ಡೊಳ್ಳು ಹೊಟ್ಟೆ ನೋಡಿ 'ಚೆನ್ನಾಗಿ ತಿಂದು ತೇಗ್ಯಾನೆ' ಅನ್ನುತ್ತಿದ್ದ ಅತ್ತೆ ಅವತ್ತಿನಿಂದ ಆ ಮಾತು ನಿಲ್ಲಿಸಿದರು. ಹಸುವಿನ ಹಾಲಿಗೆ ಭೇದಿಯಾಗುತ್ತಿತ್ತು, ಅದನ್ನೂ ನಿಲ್ಲಿಸಿ ಅನ್ನ, ಬೇಯಿಸಿದ ಮೊಟ್ಟೆ, ಮರಿಗಳ ಆಹಾರ ನೆನೆಸಿ ಕೊಟ್ಟೆವು. ಮೊಟ್ಟೆ ನಮ್ಮ ಅಡುಗೆಮನೆಗೆ ಬರುವ ಹಾಗಿಲ್ಲ. ಹಿತ್ತಲಿನಲ್ಲಿ ಬೇರೆ ಸ್ಟೌ, ಬೇರೆ ಪಾತ್ರೆ.

ಇದರ ನಡುವೆ ಮಗಳ ಮುಂಗೈಗೆ ಹಲ್ಲು ತಾಗಿ ಗೀರಾಯಿತು. ಸೂಜಿಯಂಥ ಹಾಲುಹಲ್ಲು, ಆಟಕ್ಕೇ ಕಚ್ಚಿದ್ದು. ಮರಿ ಅಲ್ವಾ ಅಂತ ಬಿಡುವಂತಿಲ್ಲ. ಬೀದಿಯಿಂದ ಬಂದದ್ದು, ತಾಯಿ ಏನಾಯಿತೋ ಗೊತ್ತಿಲ್ಲ. ಸೋಪು ಹಚ್ಚಿ ನಲ್ಲಿ ಕೆಳಗೆ ಹದಿನೈದು ನಿಮಿಷ ತೊಳೆದು, ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹುಚ್ಚುನಾಯಿ ರೋಗದ ಚುಚ್ಚುಮದ್ದು ಶುರು ಮಾಡಿಸಿದೆ. ಆ ದಿನವೇ ಒಂದು, ಆಮೇಲೆ 3ನೇ, 7ನೇ, 28ನೇ ದಿನ. ಅವಳು ಅಳಲಿಲ್ಲ, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತನ್ನದೂ ಒಂದು ಕಾಲಂ ಹಾಕಿಕೊಂಡಳು.

ಯುಗಾದಿ ಬಂತು. ಸಂಜೆ ಚಂದ್ರ ನೋಡಿ ಹಿರಿಯರ ಕಾಲಿಗೆ ಬೀಳಲು ನೆಂಟರು ಬಂದಿದ್ದರು. ಮನೆ ತುಂಬಾ ಜನ, ನಮ್ಮ ಮನೆಯವರೇ ದೊಡ್ಡ ಪರಾತದಲ್ಲಿ ಖಾರ ಮಂಡಕ್ಕಿ ಕಲಸಿದರು. ಅದರಲ್ಲಿ ಅವರನ್ನು ಮೀರಿಸುವವರಿಲ್ಲ: ಒಗ್ಗರಣೆ, ಹುರಿಗಡಲೆ ಪುಡಿ, ಮೇಲೆ ಕೈ ಬಿಚ್ಚಿ ಹಸಿ ಈರುಳ್ಳಿ. ಎಲ್ಲರೂ ಹೋದ ಮೇಲೆ ನೋಡಿದರೆ ಬೂದ್ಯಾ ಪರಾತದೊಳಗೇ ನಾಲ್ಕು ಕಾಲೂರಿ ನಿಂತು, ತಳದಲ್ಲಿ ಉಳಿದಿದ್ದ ಈರುಳ್ಳಿಯನ್ನೆಲ್ಲ ನೆಕ್ಕಿ ಮುಗಿಸಿದ್ದ. ಮೂಗಿಗೆ ಒಂದು ಮಂಡಕ್ಕಿ ಅಂಟಿತ್ತು. "ಭಟ್ಟಿ ಹುಡುಗ ಅಲ್ವಾ, ಮಂಡಕ್ಕಿ ರುಚಿ ರಕ್ತದಲ್ಲೇ ಐತಿ" ಅಂತ ನಕ್ಕು ಇವರು ಫೋಟೋ ತೆಗೆದರು. ನಾನೂ ನಕ್ಕೆ.

ಮರುದಿನ ಸೋಮವಾರ ಒಂದು ಸಲ ಭೇದಿ. ಮಂಡಕ್ಕಿ ಖಾರಕ್ಕೆ ಅಂದುಕೊಂಡೆ. ಮಂಗಳವಾರ ಊಟ ಅರ್ಧ ಬಿಟ್ಟ. ತೂಕ ನಿಂತಲ್ಲೇ 3 ಕಿಲೋ 200. ಷರಾದಲ್ಲಿ 'ಸೋಮಾರಿ' ಅಂತ ಬರೆದಿದ್ದೇನೆ, ಆ ಪುಟ ಈಗಲೂ ಇದೆ. ಅವತ್ತು ರಾತ್ರಿ ಉಸಿರು 36. ಸೆಕೆ ಇರಬೇಕು.

ಬುಧವಾರ ಬೆಳಿಗ್ಗೆ ಕಿಟಕಿ ಹತ್ತಿರ ಆ ಕಡಲೆಬೇಳೆ ಜಾಗ ಹುಡುಕಿದೆ. ಸಿಗಲಿಲ್ಲ. ಗುಲಾಬಿ ಇದ್ದ ಕಡೆ ನೀರು ಬೆರೆಸಿದ ಹಾಲಿನ ಬಣ್ಣ. ಕೆಳರೆಪ್ಪೆ ಜಗ್ಗಿದೆ, ಅಲ್ಲೂ ಹಾಗೇ. ಫೋನಿನಲ್ಲಿ ಭಾನುವಾರದ ಫೋಟೋ ಪಕ್ಕದಲ್ಲಿ ಹಿಡಿದ ಮೇಲೆ ಅನುಮಾನ ಉಳಿಯಲಿಲ್ಲ. ಮಲಗಿದ ಉಸಿರು 46. ಜ್ವರ 101.8, ಅಂದರೆ ಇಲ್ಲ. ಅಷ್ಟರಲ್ಲಿ ಮಗಳು ಕರೆದಳು. ಅವನು ಉಚ್ಚೆ ಹೊಯ್ದ ಕಡೆ ನೆಲದ ಮೇಲೆ ಹುಣಸೆಹಣ್ಣು ಕಿವುಚಿದ ನೀರಿನ ಬಣ್ಣ.

"ಬಾಲ ಅಲ್ಲಾಡಿಸ್ತಾನಲ್ಲವ್ವಾ, ಏನೂ ಆಗಿಲ್ಲ" ಅಂದರು ಅತ್ತೆ. ನಿಜ, ಬಾಲ ಅಲ್ಲಾಡುತ್ತಿತ್ತು. ಹಿಂದಿನ ಕುನ್ನಿಯೂ ಬುಧವಾರದವರೆಗೆ ಅಲ್ಲಾಡಿಸಿತ್ತು.

ನನಗೆ ಅವತ್ತು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊಠಡಿ ಮೇಲ್ವಿಚಾರಣೆ. ತಪ್ಪಿಸುವಂತಿಲ್ಲ, ಒಳಗೆ ಫೋನೂ ಒಯ್ಯುವಂತಿಲ್ಲ. ನೋಟ್‌ಬುಕ್ಕನ್ನೂ ಬುಟ್ಟಿಯನ್ನೂ ಮನೆಯವರ ಕೈಗೆ ಕೊಟ್ಟು, "ನೀವು ಏನೂ ಹೇಳಬೇಡಿ, ಇದನ್ನು ತೋರಿಸಿ" ಅಂದೆ. ಮೂರು ಗಂಟೆ ಮಕ್ಕಳ ಬೆಂಚುಗಳ ನಡುವೆ ಓಡಾಡಿದೆ. ಹಿಂದಿನ ಸಾಲಿನ ಹುಡುಗನೊಬ್ಬ ತಲೆ ಬಾಗಿಸಿ ಬರೆಯುತ್ತಿದ್ದಾಗ ಅವನ ಬೆನ್ನು ಏರಿಳಿಯುವುದನ್ನು ಎಣಿಸುತ್ತಾ ನಿಂತದ್ದು ನೆನಪಿದೆ. ಕಟ್ಟು ಒಪ್ಪಿಸಿ ಫೋನು ಕೈಗೆ ಬರುವಾಗ ಎರಡು ಗಂಟೆ.

ಅಲ್ಲಿ ನಡೆದದ್ದನ್ನು ಇವರು ಆಮೇಲೆ ಹೇಳಿದ್ದು. ಡಾಕ್ಟರಮ್ಮ ಒಸಡು ನೋಡಿ ಮೊದಲು ಉಣ್ಣೆ ಜ್ವರ ಅಂತ ಅನುಮಾನಪಟ್ಟರಂತೆ, ಇಲ್ಲವೇ ರಕ್ತ ಹೀರುವ ಕೊಕ್ಕೆಹುಳು. ನೋಟ್‌ಬುಕ್ಕು ತಿರುವಿದರು. ಜಂತಿನ ಔಷಧಿ ಎರಡು ಸಲ ಆಗಿದೆ. ಜ್ವರ ಇಲ್ಲ. ಶನಿವಾರದವರೆಗೆ ಉಸಿರು 26, ತೂಕ ಏರುತ್ತಾ ಬಂದಿದೆ, ಭಾನುವಾರದ ಒಸಡಿನ ಮುಂದೆ 'ಗುಲಾಬಿ' ಅಂತಿದೆ. ಮೂರೇ ದಿನದಲ್ಲಿ ಇಳಿದಿದೆ.

"ಭಾನುವಾರ ಏನ್ ತಿಂತು?"

"ಏನಿಲ್ಲ ಮೇಡಂ, ಅನ್ನ..."

"ಈರುಳ್ಳಿ? ಬೆಳ್ಳುಳ್ಳಿ?"

ಇವರು ಮಾತಾಡದೆ ಫೋನು ತೆಗೆದು ಆ ಪರಾತದ ಫೋಟೋ ತೋರಿಸಿದರಂತೆ.

ಈರುಳ್ಳಿಯಲ್ಲಿರುವ ಒಂದು ಬಗೆಯ ಗಂಧಕದ ಅಂಶ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಹಸಿಯಾದರೂ ಅಷ್ಟೇ, ಬೇಯಿಸಿದರೂ ಅಷ್ಟೇ, ಒಣಗಿಸಿ ಪುಡಿ ಮಾಡಿದರೂ ಅಷ್ಟೇ. ಬೆಳ್ಳುಳ್ಳಿಯದೂ ಅದೇ ಕಥೆ. ಮೈಯ ತೂಕದ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ಹೋದರೆ ಸಾಕು. ಬೂದ್ಯಾನಿಗೆ ಲೆಕ್ಕ ಹಾಕಿದರೆ 48 ಗ್ರಾಂ, ಅಂದರೆ ಒಂದು ಸಣ್ಣ ಗಡ್ಡೆ. ತಿಂದ ಕೂಡಲೇ ಏನೂ ಕಾಣುವುದಿಲ್ಲ. ಕಣಗಳು ಒಡೆಯುತ್ತಾ ಹೋಗಿ ಮೂರು-ನಾಲ್ಕು ದಿನಕ್ಕೆ ಒಸಡು ಬಿಳಿಚುತ್ತದೆ, ಒಡೆದ ರಕ್ತದ ಬಣ್ಣ ಉಚ್ಚೆಯಲ್ಲಿ ಇಳಿಯುತ್ತದೆ. ರಕ್ತ ಕಡಿಮೆಯಾದಷ್ಟೂ ಉಸಿರು ಓಡುತ್ತದೆ. ಎರಡು ಗಂಟೆಯೊಳಗೆ ತಂದಿದ್ದರೆ ವಾಂತಿ ಮಾಡಿಸಬಹುದಿತ್ತು, ಈಗ ಅದಕ್ಕೆ ಮದ್ದು ಅಂತ ಇಲ್ಲ, ಮೈ ಹೊಸ ರಕ್ತ ಮಾಡಿಕೊಳ್ಳುವವರೆಗೆ ಕಾಪಾಡಿಕೊಳ್ಳಬೇಕು ಅಂದರಂತೆ. ರಕ್ತ ಪರೀಕ್ಷೆಯಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ 19 ಬಂತು. ದೊಡ್ಡ ನಾಯಿಗಾದರೆ 37ರ ಮೇಲಿರಬೇಕು, ಇಷ್ಟು ಸಣ್ಣ ಮರಿಗೆ 30ರ ಆಸುಪಾಸು. ಉಣ್ಣೆ ಜ್ವರದ ಕ್ರಿಮಿ ಕಾಣಲಿಲ್ಲ. ಡ್ರಿಪ್ ಹಾಕಿ ಸಂಜೆ ಮನೆಗೆ ಕಳಿಸಿದರು. ಮಲಗಿದ ಉಸಿರು 50 ದಾಟಿದರೆ, ಎಬ್ಬಿಸಿದಾಗ ಏಳದಿದ್ದರೆ ಎಷ್ಟು ಹೊತ್ತಾದರೂ ಫೋನು ಮಾಡಿ, ಬೇರೆ ನಾಯಿಯ ರಕ್ತ ಹಾಕಬೇಕಾಗಬಹುದು.

ಆ ರಾತ್ರಿ ಗಂಟೆಗೊಮ್ಮೆ ಎಣಿಸಿದೆವು. ಹತ್ತಕ್ಕೆ 46, ಹನ್ನೊಂದಕ್ಕೆ 44, ಹನ್ನೆರಡಕ್ಕೆ 48. ಆ 48ನ್ನು ಮೂರು ಸಲ ಎಣಿಸಿದೆ. ಒಂದು ಗಂಟೆಗೆ ಕೂತಲ್ಲೇ ನಿದ್ದೆ ಹತ್ತಿಬಿಟ್ಟಿತ್ತು. ಎಚ್ಚರವಾದಾಗ ನಾಲ್ಕೂವರೆ. ಗಾಬರಿಯಿಂದ ನೋಟ್‌ಬುಕ್ಕು ನೋಡಿದರೆ ಒಂದರದು, ಎರಡರದು, ಮೂರರದು, ನಾಲ್ಕರದು ಎಲ್ಲ ಬರೆದಿತ್ತು: ೪೬, ೪೪, ೪೪, ೪೨. ನಮ್ಮ ಮನೆಯಲ್ಲಿ ಕನ್ನಡ ಅಂಕಿ ಬರೆಯುವುದು ಮಾವ ಒಬ್ಬರೇ. ಬುಟ್ಟಿ ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. "ಏರಿದ್ದು ಇಳಿದದ್ದು ಸೇರಿ ಒಂದು, ಅಲ್ವಾ?" ಅಂತ ಕೇಳಿದರು.

ಶುಕ್ರವಾರ 38. ಮುಂದಿನ ಬುಧವಾರ 32, ಮತ್ತೆ ಪರೀಕ್ಷೆ ಮಾಡಿಸಿದಾಗ ಕಣದ ಪಾಲು 25. ಹನ್ನೊಂದನೇ ದಿನ ಕಿಟಕಿ ಹತ್ತಿರ ಕಡಲೆಬೇಳೆ ಮತ್ತೆ ಗುಲಾಬಿಯಾಗಿ ಸಿಕ್ಕಿತು. ಲಸಿಕೆಯ ಎರಡನೇ ಚುಚ್ಚು ಎರಡು ವಾರ ಮುಂದಕ್ಕೆ ಹೋಗಿ, ಆಮೇಲೆ ಆಯಿತು. ಮೂರು ತಿಂಗಳು ತುಂಬಿದ ಮೇಲೆ ಹುಚ್ಚುನಾಯಿ ರೋಗದ್ದೂ ಆಯಿತು. ಈಗ ಅಡುಗೆ ತಕ್ಕಡಿಯಲ್ಲಿ ಹಿಡಿಸುವುದಿಲ್ಲ, ಎತ್ತಿಕೊಂಡು ದೊಡ್ಡ ತಕ್ಕಡಿ ಮೇಲೆ ನಿಂತು ನನ್ನ ತೂಕ ಕಳೆಯುತ್ತೇನೆ. ನನ್ನ ತೂಕ ಬರೆಯುವ ಕಾಲಂ ಮಾತ್ರ ಇಟ್ಟಿಲ್ಲ.

ಮೊನ್ನೆ ಸಂಜೆ ಇವರು ಮಂಡಕ್ಕಿ ಕಟ್ಟಿಸಲು ಗಾಡಿ ಹತ್ತಿರ ನಿಂತು, "ಈರುಳ್ಳಿ ಹಾಕಬ್ಯಾಡಪ್ಪಾ" ಅಂದರು. ದಿನಾ ನೋಡುವ ಗಿರಾಕಿ, ಅವನಿಗೆ ಆಶ್ಚರ್ಯ.

"ಯಾಕ್ ಸರ್, ವ್ರತ ಏನ್ರಿ?"

"ಇಲ್ಲ, ಮನ್ಯಾಗೆ ನಾಯಿ ಐತಿ."

ಅವನು ಸ್ವಲ್ಪ ಹೊತ್ತು ಇವರನ್ನೇ ನೋಡಿ, ಆಮೇಲೆ ಮಿರ್ಚಿ ಎಷ್ಟು ಕಟ್ಟಲಿ ಅಂತ ಕೇಳಿದ.